ಬಿಸಿನೆಸ್ ಸ್ಕೂಲಿನ ವಿದ್ಯಾರ್ಥಿ ಜೀವನ ಮತ್ತು ನೆಟ್‌ವರ್ಕಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಎಂಬಿಎಗೆ ಸೇರಿದವರ ಕಿವಿಗೆ ಮೊದಲ ವಾರದಲ್ಲೇ ಹತ್ತಾರು ಸಲ ಬೀಳುವ ಮಾತು "ನೆಟ್‌ವರ್ಕ್ ಬೆಳೆಸಿಕೊಳ್ಳಿ" ಎಂಬುದು. ಅದನ್ನು ಯಾರೊಡನೆ, ಯಾವಾಗ, ಯಾವ ಮುಖ ಹೊತ್ತು ಮಾಡಬೇಕೆಂದು ಬಿಡಿಸಿ ಹೇಳುವವರು ಕಡಿಮೆ. ಓದು ಮುಗಿಸಿದ ಮೇಲೆ ಕಿರಿಯ ವಿದ್ಯಾರ್ಥಿಗಳು ನನಗೆ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಕೆಲವು ಉತ್ತರಗಳು ಉದ್ದವಾಗಿವೆ, ಕೆಲವಕ್ಕೆ ಎರಡು ಸಾಲು ಸಾಕಾಗಿದೆ.

ನೆಟ್‌ವರ್ಕಿಂಗ್ ಎಂದರೆ ವಶೀಲಿಗೆ ಇಟ್ಟಿರುವ ಚಂದದ ಹೆಸರಲ್ಲವೇ?

ಅಲ್ಲ, ಆದರೆ ಈ ಅನುಮಾನ ಸುಮ್ಮನೆ ಹುಟ್ಟಿದ್ದೂ ಅಲ್ಲ. ವಶೀಲಿಯಲ್ಲಿ ಯೋಗ್ಯತೆ ಇರಬೇಕಾದ ಜಾಗದಲ್ಲಿ ಪರಿಚಯ ಬಂದು ಕುಳಿತುಕೊಳ್ಳುತ್ತದೆ. ನಾವಿಲ್ಲಿ ಹೇಳುತ್ತಿರುವ ಸಂಪರ್ಕದಿಂದ ಮುಖ್ಯವಾಗಿ ದೊರೆಯುವುದು ಮಾಹಿತಿ: ಯಾವ ಕಂಪನಿಯ ಯಾವ ವಿಭಾಗ ಬೆಳೆಯುತ್ತಿದೆ, ಒಂದು ಹುದ್ದೆಯ ದೊಡ್ಡ ಹೆಸರಿನ ಹಿಂದೆ ದಿನನಿತ್ಯ ಮಾಡಬೇಕಾದ ಕೆಲಸವೇನು, ಸಂದರ್ಶನದಲ್ಲಿ ಅಭ್ಯರ್ಥಿಯ ಯಾವ ಗುಣವನ್ನು ಒರೆಗೆ ಹಚ್ಚುತ್ತಾರೆ. ಪರಿಚಯದವರೊಬ್ಬರು ನಿಮ್ಮ ಹೆಸರನ್ನು ಶಿಫಾರಸು ಮಾಡಿದರೆ ನೂರಾರು ಅರ್ಜಿಗಳ ನಡುವೆ ನಿಮ್ಮದನ್ನು ಯಾರಾದರೂ ಬಿಡಿಸಿ ಓದಬಹುದು. ಅಲ್ಲಿಂದ ಮುಂದಿನದ್ದನ್ನು ನೀವೇ ದಾಟಬೇಕು.

ಎರಡರ ನಡುವಿನ ಗೆರೆ ತೆಳುವಾಗಿದೆ ಎಂಬುದನ್ನು ಒಪ್ಪುತ್ತೇನೆ. ನಾನು ಇಟ್ಟುಕೊಂಡಿರುವ ಅಳತೆಗೋಲು ಇಷ್ಟೇ: ಒಬ್ಬರು ನಿಮಗಾಗಿ ಮಾಡಿದ್ದನ್ನು ತಮ್ಮ ಮೇಲಧಿಕಾರಿಯ ಎದುರು ಮುಚ್ಚುಮರೆಯಿಲ್ಲದೆ ಹೇಳಬಹುದಾದರೆ ಅದು ನೆಟ್‌ವರ್ಕಿಂಗ್, ಹೇಳಲು ನಾಲಿಗೆ ತಡವರಿಸಿದರೆ ಅದು ವಶೀಲಿ.

ತರಗತಿ, ಪ್ರಾಜೆಕ್ಟ್, ಕ್ಲಬ್, ಉದ್ಯೋಗದ ತಯಾರಿ ಎಲ್ಲವೂ ಒಟ್ಟಿಗೆ ಇರುವಾಗ ಇದಕ್ಕೆ ಸಮಯ ಎಲ್ಲಿಂದ ತರುವುದು?

ಬೇರೆ ಸಮಯ ತರಬೇಕಾಗಿಲ್ಲ ಎಂಬುದೇ ನನ್ನ ಉತ್ತರ. ನೆಟ್‌ವರ್ಕಿಂಗ್ ಎಂದರೆ ಸಂಜೆಯ ಕಾರ್ಯಕ್ರಮದಲ್ಲಿ ವಿಸಿಟಿಂಗ್ ಕಾರ್ಡ್ ಹಂಚುವುದು ಎಂದುಕೊಂಡವರಿಗೆ ಮಾತ್ರ ಅದು ಹೆಚ್ಚುವರಿ ಹೊರೆಯಾಗಿ ಕಾಣುತ್ತದೆ. ನಿಜವಾಗಿ ಅದರ ಬಹುಪಾಲು ನಡೆಯುವುದು ತರಗತಿಯ ಒಳಗೇ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ 1908ರಲ್ಲಿ ಆರಂಭವಾಯಿತು. ಕಂಪನಿಯೊಂದರ ನೈಜ ಸಮಸ್ಯೆಯನ್ನು ಎದುರಿಗಿಟ್ಟುಕೊಂಡು ಚರ್ಚಿಸುವ ಕೇಸ್ ಪದ್ಧತಿ 1920ರ ದಶಕದಲ್ಲಿ ಅಲ್ಲಿ ಬೇರುಬಿಟ್ಟು, ಬಳಿಕ ಜಗತ್ತಿನ ಅನೇಕ ಬಿಸಿನೆಸ್ ಸ್ಕೂಲುಗಳಿಗೆ ಹರಡಿತು. ಅಲ್ಲಿ ಸುಮಾರು 90 ವಿದ್ಯಾರ್ಥಿಗಳ ಒಂದು ಸೆಕ್ಷನ್ ಮೊದಲ ವರ್ಷವಿಡೀ ಒಂದೇ ಕೊಠಡಿಯಲ್ಲಿ ಒಟ್ಟಿಗೆ ಕಲಿಯುತ್ತದೆ. ಪ್ರಾಧ್ಯಾಪಕರು ಮುನ್ಸೂಚನೆಯಿಲ್ಲದೆ ಯಾರನ್ನಾದರೂ ಹೆಸರು ಹಿಡಿದು ಕರೆದು ಚರ್ಚೆ ಆರಂಭಿಸಲು ಹೇಳುತ್ತಾರೆ. ಇದಕ್ಕೆ ಕೋಲ್ಡ್ ಕಾಲ್ ಎಂಬ ಹೆಸರಿದೆ. ಈ ಪದ್ಧತಿ ಇರುವ ಕಡೆ ತರಗತಿಯಲ್ಲಿ ಆಡುವ ಮಾತಿಗೇ ಗಣನೀಯ ಅಂಕಗಳಿರುತ್ತವೆ.

ಇದರ ಪರಿಣಾಮವನ್ನು ಗಮನಿಸಿ. ಒಂದು ವರ್ಷದ ಕೊನೆಗೆ ಆ ಕೊಠಡಿಯಲ್ಲಿ ಯಾರು ತಯಾರಾಗಿ ಬರುತ್ತಾರೆ, ಯಾರು ಓದದೆಯೂ ಗಂಟಲು ಎತ್ತರಿಸುತ್ತಾರೆ, ಯಾರು ಬೇರೆಯವರ ಮಾತನ್ನು ಪೂರ್ತಿ ಕೇಳಿಸಿಕೊಂಡು ಆಮೇಲೆ ಬಾಯಿ ತೆರೆಯುತ್ತಾರೆ ಎಂಬುದು ಎಲ್ಲರಿಗೂ ಗೊತ್ತಾಗಿರುತ್ತದೆ. ಹತ್ತು ವರ್ಷಗಳ ನಂತರ ಸಹಪಾಠಿಯೊಬ್ಬರು "ಅವರನ್ನು ಧಾರಾಳವಾಗಿ ಸೇರಿಸಿಕೊಳ್ಳಿ" ಎಂದು ಹೇಳುವುದಾದರೆ, ಅವರ ಮನಸ್ಸಿನಲ್ಲಿರುವುದು ನಿಮ್ಮ ವಿಸಿಟಿಂಗ್ ಕಾರ್ಡ್ ಅಲ್ಲ, ಆ ಕೊಠಡಿಯಲ್ಲಿ ಕಂಡ ನಿಮ್ಮ ನಡವಳಿಕೆ.

ಅಧ್ಯಯನ ತಂಡವನ್ನು ಆಡಳಿತವೇ ಹಂಚಿಕೊಡುತ್ತದೆ. ಹೊಂದಾಣಿಕೆಯಾಗದವರ ಜೊತೆ ಸಂಪರ್ಕ ಬೆಳೆಸುವುದು ಹೇಗೆ?

ಈ ಪ್ರಶ್ನೆಯನ್ನು ಕೇಳುವವರು ತಂಡವನ್ನು ಅಡ್ಡಿಯೆಂದು ಭಾವಿಸಿರುತ್ತಾರೆ. ನನ್ನ ಮಟ್ಟಿಗೆ ಇಡೀ ಓದಿನಲ್ಲಿ ಸಂಪರ್ಕ ಗಟ್ಟಿಯಾಗುವ ಜಾಗ ಇದೊಂದೇ. ವಾಣಿಜ್ಯ ಓದಿದವರು, ಎಂಜಿನಿಯರ್, ವೈದ್ಯರು, ಸೈನ್ಯದಲ್ಲಿದ್ದವರು ಹೀಗೆ ಬೇರೆ ಬೇರೆ ಹಿನ್ನೆಲೆಯವರನ್ನು ಬೇಕೆಂದೇ ಒಂದು ತಂಡದಲ್ಲಿ ಕೂಡಿಸುತ್ತಾರೆ. ಆರಿಸಿಕೊಳ್ಳುವ ಅವಕಾಶ ಕೊಟ್ಟರೆ ನಾವೆಲ್ಲರೂ ನಮ್ಮಂಥವರನ್ನೇ ಆರಿಸಿಕೊಳ್ಳುತ್ತೇವೆ.

ನನ್ನ ತಂಡದ ಒಂದು ರಾತ್ರಿಯನ್ನು ಹೇಳುತ್ತೇನೆ. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಪ್ರೆಸೆಂಟೇಶನ್ ಇತ್ತು, ಗಂಟೆ ಹನ್ನೊಂದು ದಾಟಿತ್ತು. ನಗದು ಹರಿವಿನ ಎಕ್ಸೆಲ್ ಹಾಳೆಯಲ್ಲಿ ಮಾರಾಟದ ಬೆಳವಣಿಗೆ ದರ ಮೊದಲ ಮೂರು ವರ್ಷಗಳಿಗೆ ಶೇ. 8 ಎಂದಿದ್ದರೆ, ನಾಲ್ಕನೆಯ ವರ್ಷದ ಕಾಲಮ್ಮಿನಲ್ಲಿ ಯಾರೋ ಸೂತ್ರವನ್ನು ಅಳಿಸಿ ಅಂಕಿಯನ್ನೇ ಟೈಪ್ ಮಾಡಿಬಿಟ್ಟಿದ್ದರು. ಅಲ್ಲಿಂದ ಮುಂದಿನ ಎಲ್ಲ ಲೆಕ್ಕವೂ ತಪ್ಪಾಗಿತ್ತು. ಒಬ್ಬರು "ಇದನ್ನು ಮಾಡಿದ್ದು ಯಾರು?" ಎಂದು ಕೇಳಿದರು. ಇನ್ನೊಬ್ಬರು ಏನೂ ಕೇಳದೆ ಲ್ಯಾಪ್‌ಟಾಪನ್ನು ತಮ್ಮತ್ತ ಎಳೆದುಕೊಂಡು, "ನೀವು ಸ್ಲೈಡಿನ ಅಂಕಿಗಳನ್ನು ಬದಲಿಸುತ್ತಾ ಹೋಗಿ, ನಾನು ಇಲ್ಲಿಂದ ಓದಿ ಹೇಳುತ್ತೇನೆ" ಎಂದರು. ತಪ್ಪು ಮಾಡಿದ್ದು ನಾನೇ. ಆ ಎರಡನೆಯವರಿಗೆ ಇಂದು ಯಾವ ಸಹಾಯ ಬೇಕಾದರೂ ನಾನು ಹಿಂದುಮುಂದು ನೋಡುವುದಿಲ್ಲ. ಆ ಮಾತನ್ನು ಅವರು ನೆಟ್‌ವರ್ಕಿಂಗ್ ಎಂದು ಆಡಿರಲಾರರು.

ತಂಡದಲ್ಲಿ ಒಬ್ಬರು ಕೆಲಸವನ್ನೇ ಮಾಡುವುದಿಲ್ಲ. ಸಂಬಂಧ ಕೆಡಬಾರದೆಂದು ಸುಮ್ಮನಿರಬೇಕೇ?

ಸುಮ್ಮನಿರಬೇಡಿ. ಗುಂಪು ದೊಡ್ಡದಾದಷ್ಟೂ ಒಬ್ಬೊಬ್ಬರ ಶ್ರಮ ಇಳಿಯುವುದು ಹಳೆಯ ಸಂಗತಿ; ಫ್ರಾನ್ಸಿನ ಮ್ಯಾಕ್ಸ್ ರಿಂಗಲ್ಮನ್ ಎಂಬ ಕೃಷಿ ಎಂಜಿನಿಯರ್ ಹಗ್ಗ ಎಳೆಯುವವರ ಬಲವನ್ನು ಅಳೆದು ಇದನ್ನು ತೋರಿಸಿದ ವರದಿ 1913ರಲ್ಲಿ ಪ್ರಕಟವಾಯಿತು. ಆದ್ದರಿಂದ ಇದನ್ನು ವ್ಯಕ್ತಿಯ ದುರ್ಗುಣವೆಂದು ಮೊದಲೇ ತೀರ್ಮಾನಿಸುವುದಕ್ಕಿಂತ, ಯಾವ ಭಾಗ ಯಾರದು, ಯಾವ ದಿನಕ್ಕೆ ಬೇಕು ಎಂಬುದನ್ನು ಮೊದಲ ಸಭೆಯಲ್ಲೇ ಬರೆದಿಡುವುದು ಲೇಸು. ಆಮೇಲೂ ಕೆಲಸ ಆಗದಿದ್ದರೆ ಎಲ್ಲರೆದುರು ಅಲ್ಲ, ಒಬ್ಬರನ್ನೇ ಕರೆದು ಕೇಳಿ. ಮನೆಯಲ್ಲಿ ಅನಾರೋಗ್ಯವೋ, ವಿಷಯವೇ ಅರ್ಥವಾಗದ ನಾಚಿಕೆಯೋ ಇರಬಹುದು. ಏನೂ ಕಾರಣವಿಲ್ಲದ ಸೋಮಾರಿತನವಾಗಿದ್ದರೆ ತಂಡದ ಸದಸ್ಯರು ಪರಸ್ಪರ ಕೊಡುವ ಮೌಲ್ಯಮಾಪನದಲ್ಲಿ ಇದ್ದುದನ್ನು ಇದ್ದಂತೆ ಬರೆಯಿರಿ. ದಾಕ್ಷಿಣ್ಯಕ್ಕೆ ಬಿದ್ದು ಪೂರ್ಣ ಅಂಕ ಕೊಟ್ಟು ಹಿಂದಿನಿಂದ ಆಡಿಕೊಳ್ಳುವವರ ಮೇಲೆ ಆ ಸೋಮಾರಿಗೂ ಗೌರವ ಇರುವುದಿಲ್ಲ.

ಆಪ್ತ ಗೆಳೆಯರಿಗಿಂತ ಮುಖಪರಿಚಯದವರೇ ಕೆಲಸಕ್ಕೆ ಬರುತ್ತಾರೆ ಎನ್ನುತ್ತಾರಲ್ಲ, ನಿಜವೇ?

ಬಹುಮಟ್ಟಿಗೆ ನಿಜ, ಆದರೆ ಅದನ್ನು ಹೇಳುವಾಗ ಅರ್ಧವನ್ನು ನುಂಗಿಬಿಡುತ್ತಾರೆ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಬಾಸ್ಟನ್ ಹೊರವಲಯದ ಊರೊಂದರಲ್ಲಿ ಪರಿಚಯದ ಮೂಲಕ ಹೊಸ ಕೆಲಸ ಹಿಡಿದವರನ್ನು, ಆ ಸುಳಿವು ಕೊಟ್ಟವರನ್ನು ನೀವು ಆ ದಿನಗಳಲ್ಲಿ ಎಷ್ಟು ಸಲ ಭೇಟಿಯಾಗುತ್ತಿದ್ದಿರಿ ಎಂದು ಕೇಳಿದ್ದರು. ಪದೇ ಪದೇ ಎಂದವರು ಶೇ. 16.7, ಅಪರೂಪಕ್ಕೊಮ್ಮೆ ಎಂದವರು ಶೇ. 27.8, ಉಳಿದ ಶೇ. 55.6ರಷ್ಟು ಮಂದಿ ಆಗೀಗ ಎಂದಿದ್ದರು. ಕಾರಣ ಸರಳವಾಗಿದೆ. ಆಪ್ತ ಗೆಳೆಯರು ನಾವು ಓಡಾಡುವ ವಲಯದಲ್ಲೇ ಓಡಾಡುತ್ತಾರೆ, ಅವರಿಗೆ ತಿಳಿದದ್ದು ನಮಗೂ ಅಷ್ಟೊತ್ತಿಗೆ ತಿಳಿದಿರುತ್ತದೆ. ದೂರದ ಪರಿಚಯಸ್ಥರು ಬೇರೆ ವಲಯದ ಸುದ್ದಿಯನ್ನು ತರುತ್ತಾರೆ.

ಆ ಅಧ್ಯಯನದ ಗುಂಪು ಚಿಕ್ಕದು. 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಉದ್ಯೋಗ ಸಂಪರ್ಕಗಳ ಜಾಲತಾಣವಾದ ಲಿಂಕ್ಡ್‌ಇನ್‌ನ 2 ಕೋಟಿಗೂ ಹೆಚ್ಚು ಬಳಕೆದಾರರನ್ನು ಐದು ವರ್ಷಗಳ ಅವಧಿಯಲ್ಲಿ ಪರಿಶೀಲಿಸಿ, ದುರ್ಬಲ ಪರಿಚಯಗಳೇ ಕೆಲಸ ಬದಲಾವಣೆಗೆ ಹೆಚ್ಚು ನೆರವಾಗುತ್ತವೆ ಎಂಬುದನ್ನು ದೃಢಪಡಿಸಿತು. ಆದರೆ ನುಂಗಿಬಿಡುವ ಅರ್ಧ ಇಲ್ಲಿದೆ: ಹೆಚ್ಚು ಪ್ರಯೋಜನವಾದದ್ದು ತೀರಾ ದುರ್ಬಲವಾದ ಪರಿಚಯದಿಂದಲ್ಲ, ಮಧ್ಯಮ ಮಟ್ಟದ್ದರಿಂದ. ಅಂದರೆ ಮುಖ ಕಂಡೊಡನೆ ಹೆಸರು ನೆನಪಾಗುವ, ಒಂದಿಷ್ಟು ಸಮಾನ ಪರಿಚಯಸ್ಥರಿರುವ, ಒಂದೆರಡು ಬಾರಿ ಮನಬಿಚ್ಚಿ ಮಾತನಾಡಿದ ಜನ. ಬೇರೆ ಸೆಕ್ಷನ್ನಿನವರು, ನಿಮಗಿಂತ ಒಂದು ವರ್ಷ ಹಿರಿಯರು, ವಿನಿಮಯ ಕಾರ್ಯಕ್ರಮದಲ್ಲಿ ಒಂದು ಅವಧಿಗೆ ಬಂದುಹೋದವರು ಸರಿಯಾಗಿ ಈ ಗುಂಪಿಗೆ ಸೇರುತ್ತಾರೆ, ಹೆಚ್ಚಿನವರು ನಿರ್ಲಕ್ಷಿಸುವುದೂ ಇವರನ್ನೇ.

ನನ್ನದು ಸಂಕೋಚದ ಸ್ವಭಾವ. ಗುಂಪಿನಲ್ಲಿ ಮಾತೇ ಹೊರಡುವುದಿಲ್ಲ. ಹಿಂದೆ ಬೀಳುತ್ತೇನೆಯೇ?

ಕಾಕ್‌ಟೇಲ್ ಸಂಜೆಗಳಲ್ಲಿ ಹಿಂದೆ ಬೀಳಬಹುದು, ಅದರಿಂದ ಹೆಚ್ಚಿನ ನಷ್ಟವಿಲ್ಲ. ಕೊಲಂಬಿಯಾ ಬಿಸಿನೆಸ್ ಸ್ಕೂಲಿನ ಸಂಶೋಧಕರು ಇಂಥದೊಂದು ಕೂಟದಲ್ಲಿ ಬಂದವರಿಗೆಲ್ಲ ಎಲೆಕ್ಟ್ರಾನಿಕ್ ಬ್ಯಾಡ್ಜ್ ತೊಡಿಸಿ ಯಾರು ಯಾರೊಡನೆ ಮಾತನಾಡುತ್ತಾರೆಂದು ದಾಖಲಿಸಿ 2007ರಲ್ಲಿ ಪ್ರಕಟಿಸಿದರು. ಹೊಸಬರನ್ನು ಪರಿಚಯ ಮಾಡಿಕೊಳ್ಳಬೇಕೆಂದು ಹೇಳಿಕೊಂಡೇ ಬಂದವರು ಮೊದಲೇ ಗೊತ್ತಿದ್ದವರತ್ತಲೇ ವಾಲಿದ್ದರು. ಬಾಯಿ ಮುಂದಿರುವವರ ಗತಿಯೇ ಹೀಗಿರುವಾಗ ಮೂಲೆಯಲ್ಲಿ ನಿಂತ ನೀವು ಅಷ್ಟೇನೂ ಕಳೆದುಕೊಂಡಿಲ್ಲ.

ಸಂಕೋಚದವರಿಗೆ ಒಬ್ಬರೊಡನೆ ಒಬ್ಬರು ಕುಳಿತು ಆಡುವ ಮಾತು ಒಗ್ಗುತ್ತದೆ, ಬರಹವೂ ಒಗ್ಗುತ್ತದೆ. ಅತಿಥಿ ಉಪನ್ಯಾಸ ಮುಗಿದ ಕೂಡಲೇ ಉಪನ್ಯಾಸಕರನ್ನು ಮುತ್ತಿಕೊಳ್ಳುವ ಗುಂಪಿನಲ್ಲಿ ನುಗ್ಗುವ ಬದಲು, ಆ ರಾತ್ರಿಯೇ ಅವರು ಹೇಳಿದ ಒಂದು ಮಾತನ್ನು ಹಿಡಿದು ನಾಲ್ಕು ಸಾಲು ಬರೆಯಿರಿ. ಕಾರ್ಯಕ್ರಮಕ್ಕೆ ಹೋಗಲೇಬೇಕಾದರೆ ಕೆಲಸ ವಹಿಸಿಕೊಂಡು ಹೋಗಿ. ಅತಿಥಿಯನ್ನು ಕರೆತರುವುದು, ಹೆಸರು ನೋಂದಾಯಿಸುವುದು, ಮೈಕ್ ಹಿಡಿದು ಪ್ರಶ್ನೆಗಾರರತ್ತ ನಡೆಯುವುದು ಯಾವುದಾದರೂ ಆದೀತು. ಕೈಯಲ್ಲಿ ಕೆಲಸವಿದ್ದರೆ ಮಾತು ತಾನಾಗಿ ಬರುತ್ತದೆ.

ಹಳೆಯ ವಿದ್ಯಾರ್ಥಿಗಳಿಗೆ ಮೊದಲ ಸಂದೇಶ ಹೇಗೆ ಬರೆಯಬೇಕು?

ಹೇಗೆ ಬರೆಯಬಾರದು ಎಂಬುದನ್ನು ನನ್ನ ಅನುಭವದಿಂದಲೇ ಹೇಳುತ್ತೇನೆ. ಇಂಟರ್ನ್‌ಶಿಪ್ ಋತು ಆರಂಭವಾದಾಗ ಗಾಬರಿಯಲ್ಲಿ ನಲವತ್ತು ಮಂದಿಗೆ ಒಂದೇ ಸಂದೇಶವನ್ನು ನಕಲಿಸಿ ಕಳಿಸಿದ್ದೆ: "ನಾನು ನಿಮ್ಮದೇ ಸಂಸ್ಥೆಯ ವಿದ್ಯಾರ್ಥಿ, ನಿಮ್ಮ ಕಂಪನಿಯಲ್ಲಿ ಅವಕಾಶವಿದ್ದರೆ ತಿಳಿಸಿ, ಸಿವಿ ಲಗತ್ತಿಸಿದ್ದೇನೆ." ಉತ್ತರ ಕೊಟ್ಟವರು ಇಬ್ಬರು. ಅವರಲ್ಲಿ ಒಬ್ಬರು ನಾನು ಅವರ ಹಿಂದಿನ ಕಂಪನಿಯ ಹೆಸರು ಬರೆದಿದ್ದೇನೆಂದು ಸೌಜನ್ಯದಿಂದ ತಿಳಿಸಿದ್ದರು. ಬಾಯಾರಿದಾಗ ಬಾವಿ ತೋಡಲು ಹೊರಟರೆ ಗುದ್ದಲಿಯೂ ಸರಿಯಾಗಿ ಬೀಳುವುದಿಲ್ಲ.

ಆ ಸಂದೇಶದ ದೋಷ ಅವಸರವೊಂದೇ ಅಲ್ಲ. ಓದಿದವರು ಏನು ಮಾಡಬೇಕೆಂಬುದೇ ಅದರಲ್ಲಿ ಸ್ಪಷ್ಟವಿರಲಿಲ್ಲ, ಕೇಳಿದ್ದೂ ಅವರ ಕೈಯಲ್ಲಿಲ್ಲದ ವಸ್ತು. ಮುಂದಿನ ವರ್ಷ ಹೀಗೆ ಬರೆದೆ: "ನಮಸ್ಕಾರ. ನಾನು ಎರಡನೆಯ ವರ್ಷದ ವಿದ್ಯಾರ್ಥಿ, ಇದಕ್ಕೆ ಮೊದಲು ಮೂರು ವರ್ಷ ಸಾಫ್ಟ್‌ವೇರ್ ಪರೀಕ್ಷೆಯ ಕೆಲಸದಲ್ಲಿದ್ದೆ. ನೀವೂ ತಾಂತ್ರಿಕ ಕೆಲಸದಿಂದ ಪ್ರಾಡಕ್ಟ್ ಮ್ಯಾನೇಜ್‌ಮೆಂಟ್‌ಗೆ ಬಂದವರೆಂದು ನಿಮ್ಮ ಪರಿಚಯದಲ್ಲಿ ಓದಿದೆ. ಆ ಬದಲಾವಣೆಯ ಮೊದಲ ಆರು ತಿಂಗಳಲ್ಲಿ ಯಾವುದನ್ನು ಹೊಸದಾಗಿ ಕಲಿಯಬೇಕಾಯಿತೆಂದು ತಿಳಿಯುವ ಆಸೆ. ಮುಂದಿನ ಎರಡು ವಾರಗಳಲ್ಲಿ ಇಪ್ಪತ್ತು ನಿಮಿಷ ಫೋನಿನಲ್ಲಿ ಮಾತನಾಡಲು ಸಾಧ್ಯವೇ? ಬಿಡುವಿಲ್ಲದಿದ್ದರೆ ಖಂಡಿತ ತೊಂದರೆಯಿಲ್ಲ." ಇದರಲ್ಲಿ ಅಲಂಕಾರವೇನೂ ಇಲ್ಲ. ಏಕೆ ನಿಮಗೇ ಬರೆದೆ, ಏನು ಬೇಕು, ಎಷ್ಟು ಹೊತ್ತು ಎಂಬ ಮೂರೂ ಇವೆ, ಇಲ್ಲವೆನ್ನಲು ಬಾಗಿಲು ತೆರೆದಿದೆ. ದಾಕ್ಷಿಣ್ಯದ ಬಲೆಗೆ ಬಿದ್ದವರು ಒಮ್ಮೆ ಸಹಾಯ ಮಾಡಿಯಾರು, ಎರಡನೆಯ ಸಲ ಫೋನ್ ಎತ್ತುವುದಿಲ್ಲ.

ಆ ಇಪ್ಪತ್ತು ನಿಮಿಷಗಳಲ್ಲಿ ಏನು ಕೇಳಬೇಕು?

ಕಂಪನಿಯ ಜಾಲತಾಣದಲ್ಲಿ ಸಿಗುವುದನ್ನು ಕೇಳಬೇಡಿ. ಕಳೆದ ವಾರ ಅವರ ಸಮಯವನ್ನು ಹೆಚ್ಚು ತಿಂದ ಕೆಲಸ ಯಾವುದು, ಹೊಸಬರು ಯಾವ ಕಡೆ ಎಡವುತ್ತಾರೆ, ತಂಡಕ್ಕೆ ಜನರನ್ನು ಆರಿಸುವಾಗ ಸಿವಿಯ ಯಾವ ಸಾಲನ್ನು ಮೊದಲು ನೋಡುತ್ತಾರೆ ಎಂದು ಕೇಳಿ. ಕೊನೆಯಲ್ಲಿ "ಈ ವಿಷಯದಲ್ಲಿ ನಾನು ಇನ್ಯಾರೊಡನೆ ಮಾತನಾಡಿದರೆ ಒಳ್ಳೆಯದು?" ಎಂಬ ಒಂದು ಪ್ರಶ್ನೆ ಇರಲಿ, ಒಂದು ಪರಿಚಯ ಎರಡಾಗುವುದು ಇಲ್ಲಿಯೇ. ಹದಿನೆಂಟನೆಯ ನಿಮಿಷಕ್ಕೆ ನೀವೇ ಸಮಯ ನೆನಪಿಸಿ. ಅವರೇ ಮಾತು ಮುಂದುವರಿಸಿದರೆ ಅದು ಬೇರೆ ಸಂಗತಿ.

ಅದೇ ದಿನ ಧನ್ಯವಾದ ಬರೆಯಿರಿ. ಅದಕ್ಕಿಂತ ಮುಖ್ಯವಾದದ್ದನ್ನು ಬಹುತೇಕ ಎಲ್ಲರೂ ಮರೆಯುತ್ತಾರೆ: ಅವರ ಸಲಹೆಯಂತೆ ನಡೆದು ಏನಾಯಿತೆಂದು ಒಂದೆರಡು ತಿಂಗಳ ಬಳಿಕ ತಿಳಿಸುವುದು. ಈಗ ನಾನು ಫೋನಿನ ಆ ತುದಿಯಲ್ಲಿ ಕುಳಿತವ. ಹೇಳಿದ್ದು ಉಪಯೋಗವಾಯಿತೋ ಇಲ್ಲವೋ ಎಂದು ತಿಳಿಸುವ ಕಿರಿಯರನ್ನು ಬೆರಳೆಣಿಕೆಯಷ್ಟೇ ಕಂಡಿದ್ದೇನೆ, ಅವರೆಲ್ಲರ ಹೆಸರೂ ನೆನಪಿದೆ.

ಉತ್ತರವೇ ಬಾರದಿದ್ದರೆ?

ಹತ್ತು ದಿನ ಬಿಟ್ಟು ಒಮ್ಮೆ ನೆನಪಿಸಿ. ಮತ್ತೂ ಬಾರದಿದ್ದರೆ ಬಿಟ್ಟುಬಿಡಿ. ಅದು ನಿಮ್ಮ ಮೇಲಿನ ತೀರ್ಪಲ್ಲ, ಅವರ ಇನ್‌ಬಾಕ್ಸಿನ ಸ್ಥಿತಿ.

ಎಷ್ಟು ಕ್ಲಬ್‌ಗಳಿಗೆ ಸೇರಬೇಕು?

ಎರಡು ಸಾಕು: ಒಂದು ನೀವು ಹೋಗಬೇಕೆಂದಿರುವ ಉದ್ಯೋಗ ಕ್ಷೇತ್ರಕ್ಕೆ ಸಂಬಂಧಿಸಿದ್ದು, ಇನ್ನೊಂದು ಅದಕ್ಕೆ ಏನೇನೂ ಸಂಬಂಧವಿಲ್ಲದ್ದು, ನಾಟಕವೋ ಚಾರಣವೋ ಯಾವುದಾದರೂ. ಒಂದಕ್ಕೊಂದು ಬೆರೆಯದ ಎರಡು ಗುಂಪುಗಳ ನಡುವೆ ನಿಂತವರಿಗೆ ಹೊಸ ವಿಚಾರಗಳು ಬೇಗ ಸಿಗುತ್ತವೆ ಎಂಬುದನ್ನು ಸಮಾಜಶಾಸ್ತ್ರಜ್ಞ ರೊನಾಲ್ಡ್ ಬರ್ಟ್ 1990ರ ದಶಕದಿಂದಲೂ ವಾದಿಸುತ್ತಾ ಬಂದಿದ್ದಾರೆ. ಏಳು ಕ್ಲಬ್‌ಗಳ ಹೆಸರು ಸಿವಿಯಲ್ಲಿದ್ದು ಯಾವುದರಲ್ಲೂ ಒಂದು ಕಾರ್ಯಕ್ರಮವನ್ನು ಮುಗಿಸಿ ತೋರಿಸದವರನ್ನು ಸಂದರ್ಶಕರು ಎರಡೇ ಪ್ರಶ್ನೆಯಲ್ಲಿ ಗುರುತಿಸುತ್ತಾರೆ.

ಅಂಕಗಳು ಮುಖ್ಯವೋ, ಸಂಪರ್ಕವೋ?

ನೀವು ಹೊರಟಿರುವ ದಾರಿಯನ್ನು ನೋಡಿ ಹೇಳಬೇಕಾದ ಮಾತಿದು. ಸಿವಿಗಳನ್ನು ಅಂಕದ ಆಧಾರದಲ್ಲಿ ಜರಡಿ ಹಿಡಿಯುವ ಕಂಪನಿಗಳಿವೆ. ಅಲ್ಲಿಗೆ ಹೋಗಬೇಕೆನ್ನುವವರು ಮೊದಲ ಅವಧಿಯ ಪರೀಕ್ಷೆಗಳನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಇನ್ನೊಂದು ಕಡೆ, ಉದ್ಯೋಗದಾತರಿಗೆ ಅಂಕಗಳನ್ನು ತಿಳಿಸುವುದಿಲ್ಲ ಎಂದು ವಿದ್ಯಾರ್ಥಿಗಳೇ ಸೇರಿ ಒಪ್ಪಂದ ಮಾಡಿಕೊಂಡಿರುವ ಬಿಸಿನೆಸ್ ಸ್ಕೂಲುಗಳೂ ಇವೆ. ಗ್ರೇಡುಗಳನ್ನು ಸಹಪಾಠಿಗಳಿಗೆ ಹೋಲಿಸಿ ಕೊಡುವ ಪದ್ಧತಿ ಇದ್ದರೆ ಒಂದು ವಿಷ ನಿಧಾನವಾಗಿ ಏರುತ್ತದೆ: ಪಕ್ಕದವರಿಗೆ ನೋಟ್ಸ್ ಕೊಟ್ಟರೆ ನನ್ನ ಸ್ಥಾನ ಇಳಿಯುತ್ತದೆ ಎಂಬ ಲೆಕ್ಕಾಚಾರ. ಆ ಲೆಕ್ಕ ಅಂಕಗಣಿತದ ದೃಷ್ಟಿಯಿಂದ ಸರಿಯಾಗಿಯೇ ಇರಬಹುದು. ಆದರೆ ನೋಟ್ಸ್ ಬಚ್ಚಿಟ್ಟವರನ್ನು ಇಡೀ ಬ್ಯಾಚು ನೆನಪಿಟ್ಟುಕೊಳ್ಳುತ್ತದೆ, ಅವರ ಗ್ರೇಡನ್ನಲ್ಲ.

ನಾನೂ ಗೆಳತಿಯೂ ಒಂದೇ ಹುದ್ದೆಗೆ ಅರ್ಜಿ ಹಾಕಿದ್ದೇವೆ. ಒಟ್ಟಿಗೆ ತಯಾರಿ ನಡೆಸುವುದು ದಡ್ಡತನವೇ?

ದಡ್ಡತನವಲ್ಲ. ಕಂಪನಿಯೊಂದರ ಸಮಸ್ಯೆ ಕೊಟ್ಟು ಅಲ್ಲೇ ಬಿಡಿಸಲು ಹೇಳುವ, ಕನ್ಸಲ್ಟಿಂಗ್ ಕಂಪನಿಗಳ ಕೇಸ್ ಸಂದರ್ಶನಕ್ಕೆ ಒಬ್ಬರೇ ಕುಳಿತು ತಯಾರಾಗುವುದು ಸಾಧ್ಯವೇ ಇಲ್ಲ. ಒಬ್ಬರು ಪ್ರಶ್ನೆ ಹಾಕಬೇಕು, ಇನ್ನೊಬ್ಬರು ಜೋರಾಗಿ ಯೋಚಿಸಬೇಕು. ನಿಮ್ಮ ದೌರ್ಬಲ್ಯವನ್ನು ನಿಷ್ಠುರವಾಗಿ ಹೇಳಬಲ್ಲವರು ಅದೇ ಹುದ್ದೆಗೆ ಓದುತ್ತಿರುವವರೇ. ಒಂದು ಕರಾರು ಮಾತ್ರ ಮೊದಲೇ ಮಾಡಿಕೊಳ್ಳಿ: ಫಲಿತಾಂಶ ಬಂದ ದಿನ, ಆಯ್ಕೆಯಾದವರು ಇನ್ನೊಬ್ಬರಿಗೆ ತಾವೇ ತಿಳಿಸಬೇಕು. ವಾಟ್ಸ್‌ಆ್ಯಪ್ ಗುಂಪಿನ ಅಭಿನಂದನೆಗಳಿಂದ ಅದು ತಿಳಿಯಬಾರದು.

ದೊಡ್ಡವರಿಗೆ ಪ್ರತಿಯಾಗಿ ಕೊಡಲು ನನ್ನ ಬಳಿ ಏನಿದೆ?

ನೀವು ಅಂದುಕೊಂಡಿದ್ದಕ್ಕಿಂತ ಹೆಚ್ಚಿದೆ. ಕಾಲೇಜು ಬಿಟ್ಟು ಹದಿನೈದು ವರ್ಷವಾದವರಿಗೆ ಈಗಿನ ವಿದ್ಯಾರ್ಥಿಗಳು ಯಾವ ಉಪಕರಣಗಳನ್ನು ಬಳಸುತ್ತಾರೆ, ತಮ್ಮ ಕಂಪನಿಯ ಬಗ್ಗೆ ಏನೆಂದುಕೊಂಡಿದ್ದಾರೆ, ಯಾವ ಪ್ರಾಧ್ಯಾಪಕರು ಈಗ ಏನು ಪಾಠ ಮಾಡುತ್ತಿದ್ದಾರೆ ಎಂಬ ಕುತೂಹಲ ಸದಾ ಇರುತ್ತದೆ. ಅವರ ಕ್ಷೇತ್ರದ ಕುರಿತು ನೀವು ಮಾಡಿದ ಪ್ರಾಜೆಕ್ಟಿನ ಎರಡು ಪುಟದ ಸಾರಾಂಶವನ್ನು ಕಳಿಸಬಹುದು, ಆದರೆ ಅದರಲ್ಲಿ ಯಾವುದೇ ಕಂಪನಿ ಗುಟ್ಟಾಗಿಡಲು ಹೇಳಿದ ಮಾಹಿತಿ ಇಲ್ಲವೆಂದು ಖಾತ್ರಿಪಡಿಸಿಕೊಂಡ ಮೇಲೆ. ಏನೂ ಇಲ್ಲದಿದ್ದರೂ ಹಲ್ಲುಗಿಂಜುವ ಅಗತ್ಯವಿಲ್ಲ; ತಯಾರಾಗಿ ಬಂದು ಕೇಳುವ ಒಳ್ಳೆಯ ಪ್ರಶ್ನೆಯನ್ನೂ ಜನ ಉಡುಗೊರೆಯಂತೆಯೇ ಸ್ವೀಕರಿಸುತ್ತಾರೆ.

ಎಲ್ಲರೂ ಎಲ್ಲೆಡೆ ಇರುತ್ತಾರೆ, ನಾನೊಬ್ಬನೇ ಕೊಠಡಿಯಲ್ಲಿ ಉಳಿದಿದ್ದೇನೆ ಎನ್ನಿಸುತ್ತದೆ.

ಮೊದಲ ಅವಧಿಯಲ್ಲಿ ಬಹುಪಾಲು ಜನರಿಗೆ ಹೀಗೆಯೇ ಅನ್ನಿಸುತ್ತದೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮಾನವಶಾಸ್ತ್ರಜ್ಞ ರಾಬಿನ್ ಡನ್‌ಬಾರ್ ಒಬ್ಬ ವ್ಯಕ್ತಿ ಅರ್ಥಪೂರ್ಣವಾಗಿ ನಿಭಾಯಿಸಬಲ್ಲ ಸಂಬಂಧಗಳ ಸಂಖ್ಯೆ ಸುಮಾರು 150 ಎಂದು ಅಂದಾಜಿಸಿದ್ದರು. ಆ ಅಂಕಿಯ ಬಗ್ಗೆ ವಿದ್ವಾಂಸರಲ್ಲಿ ತಕರಾರಿದ್ದರೂ ಮಿತಿಯೊಂದು ಇದೆ ಎಂಬುದು ನಮ್ಮೆಲ್ಲರ ಅನುಭವ. ಆದ್ದರಿಂದ ಲಿಂಕ್ಡ್‌ಇನ್‌ನಲ್ಲಿ 500ರ ಮುಂದೆ ಕೂಡಿಸುವ ಚಿಹ್ನೆ ಕಾಣಿಸಿಕೊಂಡವರನ್ನು ನೋಡಿ ಕರುಬಬೇಡಿ. ನಿದ್ದೆಗೆಟ್ಟು, ಊಟ ತಪ್ಪಿ, ವಾರಗಟ್ಟಲೆ ಯಾರೊಡನೆಯೂ ಮಾತು ಬೇಡವೆನಿಸಿದರೆ ಮಾತ್ರ ಅದು ನೆಟ್‌ವರ್ಕಿಂಗ್‌ನ ಪ್ರಶ್ನೆಯಾಗಿ ಉಳಿದಿಲ್ಲ. ಸಂಸ್ಥೆಯ ಆಪ್ತಸಲಹೆಗಾರರನ್ನು ತಡಮಾಡದೆ ಕಾಣಿ.

ಮೂರು ವರ್ಷ ಮಾತೇ ಆಡದ ಸಹಪಾಠಿಗೆ ಈಗ ಕೆಲಸಕ್ಕಾಗಿ ಬರೆಯಬಹುದೇ?

ಬರೆಯಬಹುದು. ಉದ್ಯಮದ ಅಧಿಕಾರಿಗಳಿಗೆ ಹಲವು ವರ್ಷಗಳಿಂದ ಸಂಪರ್ಕವಿಲ್ಲದ ಹಳೆಯ ಪರಿಚಯಸ್ಥರೊಡನೆ ತಮ್ಮ ಕೆಲಸದ ಸಮಸ್ಯೆಯೊಂದನ್ನು ಚರ್ಚಿಸಲು ಹೇಳಿ ನಡೆಸಿದ, 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಂಥವರಿಂದ ದೊರೆತ ಸಲಹೆ ತುಂಬಾ ಉಪಯುಕ್ತವಾಗಿತ್ತೆಂದು ಕಂಡುಬಂದಿತ್ತು. ವಿಶ್ವಾಸ ಹಳೆಯದಾಗಿ ಉಳಿದಿರುತ್ತದೆ, ಈ ನಡುವೆ ಅವರು ಕಂಡ ಜಗತ್ತು ಹೊಸದಾಗಿರುತ್ತದೆ.

ಆದರೆ ಮೊದಲ ಸಂದೇಶದಲ್ಲಿ ಯೋಗಕ್ಷೇಮ, ಎರಡನೆಯದರಲ್ಲಿ ಹಳೆಯ ನೆನಪು, ಮೂರನೆಯದರಲ್ಲಿ ಮೆಲ್ಲಗೆ ಸಿವಿ ಎಂಬ ನಾಟಕ ಬೇಡ. ಅದು ಮೊದಲನೆಯದರಲ್ಲೇ ಗೊತ್ತಾಗಿಬಿಡುತ್ತದೆ. "ಇಷ್ಟು ದಿನ ಸುದ್ದಿಯಿಲ್ಲದೆ ಈಗ ಕೆಲಸವಿಟ್ಟುಕೊಂಡೇ ಬರೆಯುತ್ತಿದ್ದೇನೆ" ಎಂದು ಮೊದಲ ಸಾಲಿನಲ್ಲೇ ಒಪ್ಪಿಕೊಂಡು, ಬೇಕಾದುದನ್ನು ಎರಡನೆಯ ಸಾಲಿನಲ್ಲಿ ಕೇಳಿಬಿಡಿ. ಎಕ್ಸೆಲ್ ಹಾಳೆಯ ಆ ರಾತ್ರಿ ಲ್ಯಾಪ್‌ಟಾಪ್ ಎಳೆದುಕೊಂಡವರು ನನಗೆ ಆರು ವರ್ಷಗಳ ಬಳಿಕ ಹೀಗೆಯೇ ಬರೆದರು. ಸಂಜೆಯೊಳಗೆ ಅವರು ಕೇಳಿದ ಮೂವರ ಫೋನ್ ನಂಬರುಗಳನ್ನು, ಆ ಮೂವರ ಅನುಮತಿ ಪಡೆದು, ಕಳಿಸಿದೆ.